ಎಡಗೈ ಕಲ್ಲುಕುಟಿಗ

"ಎಡಚ ಇದ್ದಿರಬೇಕು ಬಿಡಿ," ಎಂದರು ಕೀಲಿಯಣ್ಣ. "ಕಲ್ಲು ಒಡೆಯೋನಿಗೆ ಯಾವ ಕೈ ಆದ್ರೇನು? ಒಡೆದ್ರೆ ಸಾಕು."

ನಕ್ಷೆಯಮ್ಮ ನಗಲಿಲ್ಲ. ಚರ್ಚಿನ ಒಳಕೋಣೆಯ ಕಿಟಕಿಯ ಕೆಳಗಿನ ಚೌಕದಲ್ಲಿ ಮಂಡಿಯೂರಿದ್ದ ಬಣ್ಣದ ಗಾಜಿನ ಕಲ್ಲುಕುಟಿಗನ ಮೇಲಿಂದ ಕಣ್ಣು ಕೀಳಲೂ ಇಲ್ಲ. ನೀಲಿ ಅಂಗಿ, ಕಂದು ಗಡ್ಡ. ಎಡಗೈಯಲ್ಲಿ ಸುತ್ತಿಗೆ, ಬಲಗೈಯಲ್ಲಿ ಉಳಿ.

"ಇವನು ಎಡಚ ಅಲ್ಲ ಅಣ್ಣ," ಎಂದರು ಕೊನೆಗೆ. "ಇವನನ್ನ ನಾನು ಮೂರು ಸಲ ಬರೆದಿದ್ದೀನಿ. ಮೂರು ಸಲಾನೂ ಸುತ್ತಿಗೆ ಬಲಗೈಯಲ್ಲೇ ಇತ್ತು."

"ಯಾವಾಗ ಬರೆದದ್ದು?"

"ನಲವತ್ತು ವರ್ಷದ ಹಿಂದೆ."

"ಹಾಗಾದ್ರೆ ಕೈ ಸೋತಿರುತ್ತೆ ಪಾಪ. ಬದಲಾಯಿಸ್ಕೊಂಡಿದಾನೆ."

ತಮ್ಮ ಮಾತಿಗೆ ತಾವೇ ನಗಲು ಹೊರಟ ಕೀಲಿಯಣ್ಣ ಅರ್ಧಕ್ಕೇ ನಿಲ್ಲಿಸಿದರು. ಅವರಿಗದು ನಗುವ ದಿನವಾಗಿರಲಿಲ್ಲ.

ಹನ್ನೊಂದು ದಿನಗಳ ಹಿಂದೆ, ಒಂದು ಸೋಮವಾರ, ಇದೇ ಕೋಣೆಯಿಂದ ಚರ್ಚು ಕಟ್ಟಿಸಿದ ಪಾದ್ರಿಯ ದಿನಚರಿ ಮಾಯವಾಗಿತ್ತು. ಕೋಣೆಗೆ ಒಂದೇ ಬಾಗಿಲು, ಬಾಗಿಲಿಗೆ ಒಂದೇ ಕೀಲಿ, ಆ ಕೀಲಿ ಕೀಲಿಯಣ್ಣನ ಸೊಂಟದಲ್ಲಿ. ಬೀಗ ಹಾಕುವಾಗ ಪುಸ್ತಕ ಇತ್ತೇ ಎಂದು ಕೇಳಿದ್ದಕ್ಕೆ, "ಇತ್ತು, ನಾಲ್ಕು ಗಂಟೆಗೆ ಮೇಜು ಒರೆಸುವಾಗ ಕಣ್ಣಾರೆ ನೋಡಿದೆ" ಎಂದಿದ್ದರು. ಮರುದಿನ ಬೆಳಿಗ್ಗೆ ಫಾದರ್ ಬಂದು ನೋಡಿದರೆ ಬರೀ ಮರದ ಪೀಠ. ಕೀಲಿಯಣ್ಣನನ್ನಲ್ಲದೆ ಇನ್ನಾರನ್ನು ಕೇಳುವುದು? ಸಮಿತಿಯವರು ಹಾಗೆಯೇ ತೀರ್ಮಾನಿಸಿದರು. ಇವತ್ತು ಸಂಜೆ ಆರಕ್ಕೆ ಕೀಲಿಗೊಂಚಲು ಒಪ್ಪಿಸಿ, ಚರ್ಚಿನ ಹಿಂದಿನ ಕೋಣೆ ಖಾಲಿ ಮಾಡಬೇಕು. ಆ ಕೋಣೆಯಲ್ಲಿ ಅವರು ನಲವತ್ತೊಂದು ವರ್ಷ ಬದುಕಿದ್ದಾರೆ. ಹೋಗಲು ಬೇರೆ ಮನೆ ಇಲ್ಲ, ಕರೆಯಲು ಬೇರೆ ಜನ ಇಲ್ಲ.

ನಕ್ಷೆಯಮ್ಮನನ್ನು ಈ ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಊರಿನ ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಬಗ್ಗಿ ಕುಳಿತು ಬೆನ್ನು ಬಾಗಿಸಿಕೊಂಡವರು. ನಿವೃತ್ತಿಯ ಮೇಲೆ ಕಳೆದುಹೋದ ಪತ್ರ, ಸುಳ್ಳು ಸಹಿ, ಓಡಿಹೋದ ಅಳಿಯ ಇಂಥವನ್ನು ಹುಡುಕಿಕೊಡುವವರು ಎಂದು ಹೆಸರಾದವರು. ಆದರೆ ಇಲ್ಲಿಗೆ ಬರುತ್ತಿದ್ದದ್ದು ಬೇರೆ ಕಾರಣಕ್ಕೆ. ದಿನಾ ಹನ್ನೊಂದಕ್ಕೆ ಈ ಚರ್ಚಿನ ಗಂಟೆ ಹೊಡೆಯುತ್ತದೆ. ಮನೆಯಲ್ಲಿ, ಹನ್ನೊಂದಾಯಿತು ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಆ ಗಂಟೆ ಹೊಡೆಯುವ ಕೈ ಕೀಲಿಯಣ್ಣನದು.

"ಕುರ್ಚಿ ಹಿಡ್ಕೊಳ್ಳಿ," ಎಂದು ನಕ್ಷೆಯಮ್ಮ ಹತ್ತಿ ನಿಂತರು.

"ಬಿದ್ದೀರಿ! ಅರವತ್ತೇಳಕ್ಕೆ ಸೊಂಟ ಮುರಿದ್ರೆ ಕೂಡೋದಿಲ್ಲ."

"ನಿಮ್ಮ ಬಾಯಿ ಮುಚ್ಚಿದ್ರೆ ಬೀಳಲ್ಲ."

ಕಲ್ಲುಕುಟಿಗನ ಮುಖದ ಮೇಲೆ ಬೆರಳಾಡಿಸಿದರು. ಕೊಳದ ನೀರಿನ ಹಾಗೆ ನುಣುಪು. ಮೇಲಿನ ಚೌಕದ ಸಂತನ ಮುಖಕ್ಕೆ ಬೆರಳು ತಂದರು. ತರಿತರಿ, ಮೂಗಿನ ಗೆರೆ, ಗಡ್ಡದ ಗೆರೆ, ಬಟ್ಟೆಯ ಮಡಿಕೆಯ ಗೆರೆ, ಎಲ್ಲವೂ ಉಗುರಿಗೆ ಸಿಗುತ್ತಿದ್ದವು. ಮತ್ತೆ ಕೆಳಗೆ. ನುಣುಪು.

"ಏನದು?" ಎಂದರು ಕೀಲಿಯಣ್ಣ.

"ಗಾಜಿಗೆ ಬಣ್ಣ ಗಾಜಿನದೇ ಅಣ್ಣ. ಆದ್ರೆ ಕಣ್ಣು, ಮೂಗು, ಮಡಿಕೆ ಇವನ್ನ ಮೇಲಿಂದ ಬರೆದು, ಒಲೆಯಲ್ಲಿ ಸುಡ್ತಾರೆ. ಬರೆದ ಮೈ ಯಾವಾಗ್ಲೂ ಒಳಗಡೆ ಇರಬೇಕು. ಹೊರಗಡೆ ಇಟ್ರೆ ಮಳೆ ಗಾಳಿಗೆ ಸವೆದು ಹೋಗುತ್ತೆ. ಈ ಚರ್ಚಿನ ಅರವತ್ನಾಲ್ಕು ಕಿಟಕೀಲೂ ಹಾಗೇ. ಇದೊಂದು ಚೌಕ ಮಾತ್ರ ತಿರುಗಿದೆ. ಅದಕ್ಕೇ ಸುತ್ತಿಗೆ ಎಡಗೈಗೆ ಬಂದಿರೋದು."

ಕೀಲಿಯಣ್ಣ ಕುರ್ಚಿ ಹಿಡಿದೇ ನಿಂತಿದ್ದರು.

ನಕ್ಷೆಯಮ್ಮ ಇಳಿದರು. ಮೇಜು ಕಿಟಕಿಯ ಗೋಡೆಗೇ ತಾಗಿಕೊಂಡಿತ್ತು. ಭಾನುವಾರದ ನೂರನೇ ವರ್ಷದ ಪ್ರಾರ್ಥನೆಗೆ ದಿನಚರಿಯಿಂದ ಹೆಸರು ಆರಿಸಲೆಂದು ಬೆಳಕು ಬೀಳುವ ಕಡೆ ಎಳೆದಿಟ್ಟಿದ್ದು. ಚೌಕದ ಅಂಚಿನಿಂದ ಪುಸ್ತಕದ ಪೀಠಕ್ಕೆ ತಮ್ಮದೇ ಕೈ ಚಾಚಿ ಅಳೆದರು. ಭುಜದಿಂದ ಬೆರಳ ತುದಿಗೆ ಸರಿಯಾಗಿ ಸಿಕ್ಕಿತು.

"ಮನುಷ್ಯ ತೂರೋಕಾಗಲ್ಲ. ಕೈ ತೂರುತ್ತೆ. ಹೊರಗಿಂದ ಚೌಕ ಬಿಚ್ಚಿ, ಪುಸ್ತಕ ಎತ್ಕೊಂಡು, ಚೌಕ ವಾಪಸ್ ಕೂರಿಸಿದಾರೆ. ಕೂರಿಸುವಾಗ ತಿರುಗಿದೆ. ಬಾಗಿಲು, ಬೀಗ, ನಿಮ್ಮ ಕೀಲಿ, ಯಾವುದೂ ಬೇಕಾಗಿಲ್ಲ." ತಿರುಗಿ ಅವರ ಮುಖ ನೋಡಿದರು. "ಏನಣ್ಣ, ಸಂತೋಷ ಆಗ್ಲಿಲ್ವಾ?"

"ಆಯ್ತು," ಎಂದರು ಕೀಲಿಯಣ್ಣ. ಮುಖ ಮಾತ್ರ ಸುಣ್ಣ ಬಳಿದ ಗೋಡೆಯಾಗಿತ್ತು. "ಆದ್ರೆ ಬಿಟ್ಬಿಡಿ ನಕ್ಷೆಯಮ್ಮ. ನಂಗೂ ಎಪ್ಪತ್ತೆರಡಾಯ್ತು. ಗೋಪುರದ ಮೆಟ್ಟಿಲು ಹತ್ತೋಕೆ ಉಸಿರು ಸಾಲಲ್ಲ. ಹೋಗಿಬಿಡ್ತೀನಿ."

"ಎಲ್ಲಿಗೆ?"

ಕೀಲಿಯಣ್ಣ ಉತ್ತರಕ್ಕಾಗಿ ಕೋಣೆಯ ನಾಲ್ಕೂ ಮೂಲೆ ನೋಡಿದರು.

*

ನಕ್ಷೆಯಮ್ಮ ಚರ್ಚಿನ ನಡುವಿನಿಂದಲೇ ಹೊರಟರು. ವಾರದ ದಿನ, ಎಂಟುನೂರು ಜನ ಕೂರುವ ಬೆಂಚುಗಳಲ್ಲಿ ಒಬ್ಬರೂ ಇರಲಿಲ್ಲ. ಎರಡೂ ಬದಿಗೆ ಒಂಬತ್ತೊಂಬತ್ತು ಕಂಬ. ಕಂಬದ ನೆತ್ತಿಯಿಂದ ಹೊರಟ ಕಲ್ಲಿನ ಪಕ್ಕೆಗಳು ಮೇಲೆ ಹೋಗಿ ಒಂದಕ್ಕೊಂದು ಕೈ ಕೊಟ್ಟು, ಮಗುಚಿ ಹಾಕಿದ ದೋಣಿಯ ಒಳಮೈಯಂತೆ ಕಾಣುತ್ತಿದ್ದವು. ನಡೆದರೆ ಹೆಜ್ಜೆಯ ಸದ್ದು ಮೊದಲು ಮುಂದೆ ಹೋಗಿ, ಆಮೇಲೆ ಹಿಂದಿನಿಂದ ಬರುತ್ತದೆ. ಜೊತೆಗೆ ಯಾರೋ ಬರುತ್ತಿದ್ದಾರೆ ಎನ್ನಿಸುತ್ತದೆ. ಬರುವಾಗೆಲ್ಲ ನಕ್ಷೆಯಮ್ಮನಿಗೆ ಹಾಗೆನ್ನಿಸುವುದು ಇಷ್ಟವೇ.

ಇದನ್ನು ಕಟ್ಟಲು ಇಪ್ಪತ್ತೆರಡು ವರ್ಷ ಹಿಡಿದಿತ್ತು. ಎರಡು ಗೋಪುರ ಎಂದು ಹೊರಟದ್ದು, ಒಂದರಲ್ಲಿ ನಿಂತಿತು. ಇನ್ನೊಂದು ಗೋಪುರ ನೆಲದಿಂದ ಎರಡಾಳೆತ್ತರಕ್ಕೆ ಬಂದು, ಹತ್ತೊಂಬತ್ತು ಮೆಟ್ಟಿಲು ಕಟ್ಟಿಸಿಕೊಂಡು, ಅಲ್ಲಿಗೇ ಸುಮ್ಮನಾಗಿದೆ. ಪಾದ್ರಿ ಕಟ್ಟಿದರು ಎನ್ನುವುದು ಬಾಯಿಮಾತು. ಪಾದ್ರಿ ಒಂದು ಕಲ್ಲನ್ನೂ ಹೊತ್ತವರಲ್ಲ. ಹೊತ್ತವರು ಯಾರು, ಕಡೆದವರು ಯಾರು, ಬಿದ್ದವರು ಯಾರು, ಅದೆಲ್ಲ ಇದ್ದದ್ದು ಆ ದಿನಚರಿಯಲ್ಲಿ ಮಾತ್ರ. ಅದರಿಂದ ಆರಿಸಿದ ಹೆಸರುಗಳನ್ನು ಭಾನುವಾರ ಓದಿ, ಆಮೇಲೆ ಅಮೃತಶಿಲೆಯಲ್ಲಿ ಕೆತ್ತಿಸುವುದಿತ್ತು.

ಹೊರಗೆ, ಸಮಾಧಿಗಳ ಕಡೆಯ ಓಣಿಯಲ್ಲಿ, ಗೋಡೆ ತೊಳೆಯಲು ಕಟ್ಟಿದ ಸಾರುವೆ ಇನ್ನೂ ಇತ್ತು. ಅದರ ಕೆಳಗಿನ ಹಲಗೆಯ ಮೇಲೆ ನಿಂತರೆ ಕಲ್ಲುಕುಟಿಗ ಎದೆಯ ಮಟ್ಟಕ್ಕೆ. ಈ ಕಡೆಯಿಂದ ಮುಟ್ಟಿದರೆ ಗೆರೆಗಳು ಉಗುರಿಗೆ ಸಿಕ್ಕವು. ಮಡಿಕೆಗಳ ಸಂದಿಯಲ್ಲಿ ಆಗಲೇ ಓಣಿಯ ಧೂಳು ಕೂತಿತ್ತು.

ಅಂಚಿಗೆ ತುಂಬಿದ ಪುಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರು. ತಗ್ಗು ಬಿತ್ತು; ಹೊಸದು, ಇನ್ನೂ ಒಣಗಿಲ್ಲ. ಮೂಸಿದರು. ಅಗಸೆ ಎಣ್ಣೆ.

ಯಾರು? ಸಾರುವೆಯವರು? ಅವರು ಗಾಜು ಬಿಚ್ಚಿದ್ದರೆ ಮೂರು ಕಡೆ ಒಡೆಯುತ್ತಿತ್ತು. ಸಮಿತಿಯ ಅಧ್ಯಕ್ಷರು? ಕೀಲಿಯಣ್ಣನ ಕೋಣೆಯನ್ನು ಕಚೇರಿ ಮಾಡಬೇಕೆಂದು ಎರಡು ವರ್ಷದಿಂದ ಹೇಳುತ್ತಿರುವುದು ನಿಜ. ಆದರೆ ಆ ಹೊಟ್ಟೆ ಹೊತ್ತು ಈ ಹಲಗೆ ಏರುವುದು ಸುಳ್ಳು.

ಮತ್ತೆ ಪುಟ್ಟಿಯ ಗೆರೆ ನೋಡಿದರು. ನೂಲು ಹಿಡಿದು ಎಳೆದಷ್ಟು ನೇರ. ಮೂಲೆಯಲ್ಲಿ ಚಾಕುವಿನ ತುದಿಯನ್ನು ಒಂದೇ ತಿರುವಿಗೆ ತಿರುಗಿಸಿ ಬಿಟ್ಟ ಗುರುತು. ಕಳ್ಳನ ಕೈಯಲ್ಲ ಇದು. ದಿನಾ ಇದನ್ನೇ ಮಾಡುವವರ ಕೈ.

ಅಲ್ಲೇ ಅವರಿಗೆ ಗೋಜಲಾಯಿತು. ದಿನಾ ಇದನ್ನೇ ಮಾಡುವವರು ಗಾಜನ್ನು ತಿರುಗಿಸಿ ಕೂರಿಸುತ್ತಾರೆಯೇ? ಗೊತ್ತಿಲ್ಲದವರಾದರೆ ತಪ್ಪಬಹುದು. ಗೊತ್ತಿದ್ದವರು ತಪ್ಪುವುದು ಹೇಗೆ?

ಆಮೇಲೆ ಒಂದು ಗಾಜನ್ನು ಹಿಡಿದವರಂತೆ ಗಾಳಿಯಲ್ಲಿ ಕೈಯೆತ್ತಿ, ತಮ್ಮ ಕಡೆಗೊಮ್ಮೆ, ಗೋಡೆಯ ಕಡೆಗೊಮ್ಮೆ ತಿರುಗಿಸಿದರು.

ಕೈ ತಾನಾಗಿ ಕೆಳಗಿಳಿಯಿತು. ಉತ್ತರ ಸಿಕ್ಕಿತ್ತು. ಸಿಗದಿದ್ದರೇ ಚೆನ್ನಾಗಿತ್ತು.

*

ಚರ್ಚಿನ ಕಿಟಕಿಗಳನ್ನು ರಿಪೇರಿ ಮಾಡುವ ಗಾಜಕ್ಕನ ಅಂಗಡಿ ಎರಡು ಬೀದಿ ಆಚೆ. ಉದ್ದನೆಯ ಕೆಲಸದ ಮೇಜು, ಗೋಡೆಗೆ ಒರಗಿಸಿದ ಬಣ್ಣದ ಗಾಜಿನ ಹಲಗೆಗಳು, ಮೊಳೆಗೆ ತೂಗುಹಾಕಿದ ಸೀಸದ ಪಟ್ಟಿಗಳು, ಬೆಸುಗೆಯ ವಾಸನೆ. ಅಂಗಡಿಯ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಒಂದು ಮಂಚ. ಮದುವೆಯಾಗದ ಹೆಂಗಸು, ಮನೆತನದಲ್ಲಿ ಕೊನೆಯವಳು. ಹತ್ತೊಂಬತ್ತು ವರ್ಷದಿಂದ ಅವಳೂ ನಕ್ಷೆಯಮ್ಮನೂ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು. ಗುರುವಾರ ಗುರುವಾರ ಇಲ್ಲಿ ಚಹಾ.

"ಇವತ್ತು ಶುಕ್ರವಾರ ಕಣೇ," ಎಂದಳು ಗಾಜಕ್ಕ ತಲೆ ಎತ್ತದೆ. "ನಿನ್ನೆ ಬರದೆ ಇವತ್ತು ಬಂದಿದೀಯ. ಕ್ಯಾಲೆಂಡರ್ ಕಳೆದುಕೊಂಡ್ಯಾ?"

"ಒಂದು ಚೂರು ಗಾಜು ತಂದಿದೀನಿ. ಇದರ ಬೆಲೆ ಏನು ನೋಡು."

"ನಂಗೆ ಬೆಲೆ ಕಟ್ಟೋಕೆ ಕೊಡ್ತೀಯಾ, ಅಥವಾ ಸುಮ್ನೆ ಮಾತಿಗೆ ಬಂದಿದೀಯಾ?"

"ನೋಡೇ ಮಾರಾಯಿತಿ."

ನಕ್ಷೆಯಮ್ಮ ಚೀಲದಿಂದ ಅಂಗೈಯಗಲದ ಹಳೆಯ ಗಾಜಿನ ಚೂರು ತೆಗೆದು ಚಾಚಿದರು. ದೇವದೂತನ ರೆಕ್ಕೆಯ ತುದಿ. ಎಂದೋ ಒಡೆದದ್ದನ್ನು ಇವಳೇ ಕೊಟ್ಟಿದ್ದು. ಕೊಡುವಾಗ ಗರಿ ಬರೆದ ಮೈಯನ್ನು ಬೇಕೆಂದೇ ತಮ್ಮ ಕಡೆ ಇಟ್ಟುಕೊಂಡಿದ್ದರು.

ಗಾಜಕ್ಕ ತೆಗೆದುಕೊಂಡಳು. ಕಣ್ಣು ಇನ್ನೂ ಗೆಳತಿಯ ಮುಖದ ಮೇಲಿತ್ತು. ಹೆಬ್ಬೆರಳು ಗಾಜಿನ ಮೇಲೊಮ್ಮೆ ಆಡಿತು. ಚೂರು ಅವಳ ಕೈಯಲ್ಲಿ ತಾನಾಗಿ ಮಗುಚಿ, ಬರೆದ ಮೈ ಅವಳ ಕಡೆಗೆ ಬಂತು.

"ಇದು ನಂದೇ ಅಲ್ವಾ? ನಾನೇ ಕೊಟ್ಟಿದ್ದು."

"ಹೌದು. ಯಾಕೆ ತಿರುಗಿಸಿದೆ?"

"ಏನು ತಿರುಗಿಸಿದೆ?"

"ಗಾಜು. ಈಗ. ಕೈಯಲ್ಲಿ."

ಗಾಜಕ್ಕ ಕೈ ನೋಡಿಕೊಂಡಳು. "ಓ, ಇದಾ? ಬರೆದ ಮೈ ನಮ್ ಕಡೆ ಇರಬೇಕಲ್ವಾ. ಒಳಗೆ ನಿಂತು ಕೂರಿಸೋದು, ಬರೆದದ್ದು ಒಳಗೇ ಇರಬೇಕು. ಅಪ್ಪ ಬೆರಳಿಗೆ ಹೊಡೆದು ಕಲಿಸಿದ್ದು. ಐವತ್ತು ವರ್ಷದಿಂದ ಕೈಗೆ ಅದೇ ಗೊತ್ತು."

"ಕಿಟಕಿಯ ಹೊರಗೆ ನಿಂತ್ರೂ ಕೈಗೆ ಅದೇ ಗೊತ್ತು. ಅಲ್ವೇನೇ?"

ಅಂಗಡಿಯ ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಗಾಜಕ್ಕ ಚೂರನ್ನು ಮೇಜಿನ ಮೇಲೆ ಇಟ್ಟಳು, ನಿಧಾನಕ್ಕೆ, ಅದು ಒಡೆದೀತು ಎನ್ನುವ ಹಾಗೆ.

"ಆ ಕೋಣೆಯ ಕಿಟಕಿಗೆ ಇನ್ನೂ ಕೈ ಹಾಕಿಲ್ಲ ಅಂತ ಹೋದ ವಾರ ನೀನೇ ಹೇಳಿದ್ದೆ," ಎಂದರು ನಕ್ಷೆಯಮ್ಮ. "ಬೇರೆ ಯಾರು ಬಿಚ್ಚಿದ್ರೂ ಗಾಜು ಸರಿಯಾಗಿ ಕೂರೋ ಸಾಧ್ಯತೆ ಅರ್ಧ ಇತ್ತು. ಓಣಿಯಲ್ಲಿ ನಿಂತು ನೀನು ಕೂರಿಸಿದ್ರೆ ಮಾತ್ರ ಅದು ತಿರುಗಲೇಬೇಕು. ಕಲ್ಲುಕುಟಿಗ ಎಡಚ ಆಗಿದಾನೆ ಕಣೇ."

"ಅಯ್ಯೋ ದೇವರೇ," ಎಂದಳು ಗಾಜಕ್ಕ. ಆಮೇಲೆ ಅವಳ ಬಾಯಿಂದ ಬಂದದ್ದು ನಗುವೋ ಅಳುವೋ ತಿಳಿಯಲಿಲ್ಲ. "ಅಪ್ಪ ಇದ್ದಿದ್ರೆ ಇದಕ್ಕೇ ಹೊಡೆಯೋರು. ಕದ್ದದ್ದಕ್ಕಲ್ಲ. ತಿರುಗಿಸಿ ಕೂರಿಸಿದ್ದಕ್ಕೆ."

"ಪುಸ್ತಕ ಎಲ್ಲಿ?"

"ನನ್ನ ಹತ್ರ ಇಲ್ಲ."

"ಆರು ಗಂಟೆಗೆ ಆ ಮನುಷ್ಯ ಬೀದಿಗೆ ಬೀಳ್ತಾರೆ."

"ನನ್ನ ಹತ್ರ ಇಲ್ಲ ಅಂದೆನಲ್ಲ!" ಗಾಜಕ್ಕನ ಧ್ವನಿ ಸೀಳಿತು. ಸ್ಟೂಲಿನ ಮೇಲೆ ಕುಸಿದು ಕೂತಳು. "ಹೇಳ್ತೀನಿ. ಕೇಳು."

ಚರ್ಚಿನ ದೊಡ್ಡ ಬಾಗಿಲ ಮೇಲಿರುವ ದುಂಡು ಕಿಟಕಿಯ ಕಥೆ ಊರಿಗೆಲ್ಲ ಗೊತ್ತು. ಹಡಗಿನಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಬಂದ ಗಾಜಿನಲ್ಲಿ ದುಂಡು ಕಿಟಕಿಯದು ಮಾತ್ರ ಪುಡಿಯಾಗಿತ್ತು. ಆಗ ಗಾಜಕ್ಕನ ಅಜ್ಜ ಹನ್ನೊಂದು ತಿಂಗಳು ಕೂತು, ಮುನ್ನೂರ ಎಂಟು ತುಂಡು ಕತ್ತರಿಸಿ, ಹೊಸದಾಗಿ ಮಾಡಿದ. ಬೇರೆಲ್ಲ ಕಿಟಕಿ ಹೊರದೇಶದ್ದು, ಅದೊಂದೇ ಇಲ್ಲಿನದು. ಗಾಜಕ್ಕನಿಗೆ ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಇರುವುದು ಆ ಕಿಟಕಿ. ಪ್ರತಿ ಪೂಜೆಯ ನಂತರ ಹೊರಗೆ ಬರುವಾಗ ತಲೆಯೆತ್ತಿ ನೋಡಿಯೇ ಹೊಸಿಲು ದಾಟುವವಳು.

"ಈ ಹೊಸ ಫಾದರ್ ಇದಾರಲ್ಲ, ಬಂದು ನಾಲ್ಕು ತಿಂಗಳಾಗಿಲ್ಲ. ಒಂದಿನ ನನ್ನ ಕರೆದು, 'ಅಮ್ಮ, ದಿನಚರಿಯಲ್ಲಿ ನಿಮ್ಮಜ್ಜನ ಬಗ್ಗೆ ಒಂದು ಪುಟ ಇದ್ದ ಹಾಗಿದೆ. ಕೈಬರಹ ತೀರಾ ಕೆಟ್ಟದು, ಬಿಡಿಸಿ ಓದಬೇಕು. ಭಾನುವಾರ ಎಲ್ಲರ ಮುಂದೆ ಓದ್ತೀನಿ' ಅಂದ್ರು. ನಂಗೆ ಕುಣಿಯೋ ಹಾಗಾಗಬೇಕಿತ್ತು. ಆಗ್ಲಿಲ್ಲ. ಮೂರು ದಿನ ನಿದ್ದೆ ಬರ್ಲಿಲ್ಲ."

"ಯಾಕೆ?"

"ಏನು ಬರೆದಿದೆಯೋ ಅಂತ. ಅಪ್ಪ ಒಂದೇ ಒಂದು ಸಲ, ಕಾಯಿಲೆಯಲ್ಲಿ, 'ಆ ಕಿಟಕಿ ನಮ್ದು ಅಂತ ಜಾಸ್ತಿ ಹೇಳ್ಕೋಬೇಡ ಮಗಳೇ' ಅಂದಿದ್ರು. ಜ್ವರದ ಮಾತು ಅಂತ ಬಿಟ್ಟಿದ್ದೆ." ಬೆರಳುಗಳನ್ನು ಒಂದಕ್ಕೊಂದು ಹೆಣೆದಳು. "ಬೆಳಿಗ್ಗೇನೇ ಪುಟ್ಟಿ ಸಡಿಲ ಮಾಡಿದ್ದೆ. ಮಧ್ಯಾಹ್ನ ಎರಡಕ್ಕೆ ಯಾರೂ ಇರಲ್ಲ. ಚೌಕ ತೆಗೆದೆ. ಆ ಪುಟ ಒಂದು ಓದಿ ವಾಪಸ್ ಇಡೋಣ ಅಂತ. ದೇವರಾಣೆ ಅಷ್ಟೇ."

"ಓದಿದ್ಯಾ?"

"ಏನು ಓದ್ಲಿ? ಪುಸ್ತಕವೇ ಇರ್ಲಿಲ್ಲ."

ನಕ್ಷೆಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. "ಇರ್ಲಿಲ್ಲ ಅಂದ್ರೆ?"

"ಮೇಜಿನ ಮೇಲೆ ಬರೀ ಪೀಠ. ಪಕ್ಕದಲ್ಲಿ ಒಂದು ಕನ್ನಡಕ, ಕಿವಿಗೆ ದಾರ ಕಟ್ಟಿದ್ದು. ಅಷ್ಟರಲ್ಲಿ ಓಣಿಯ ತುದೀಲಿ ಯಾರೋ ಕೆಮ್ಮಿದ್ರು. ಗಬಕ್ಕಂತ ಚೌಕ ಕೂರಿಸಿ, ಪುಟ್ಟಿ ಎಳೆದು ಓಡಿಬಂದೆ. ಮರುದಿನ ಕಳುವಾಯ್ತು ಅಂತ ಸುದ್ದಿ. ಬಾಯಿ ಬಿಟ್ರೆ ನಾನೇ ಕಳ್ಳಿ ಆಗ್ತೀನಿ. ಮುಚ್ಕೊಂಡೆ." ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಆದರೆ ಏನೋ ಹಗುರವಾದ ಹಾಗೂ ಇತ್ತು. "ಹನ್ನೊಂದು ದಿನ ಆ ಮುದುಕಪ್ಪನ ಮುಖ ನೋಡೋಕಾಗದೆ ಬೆಂಚಿನ ಆ ತುದೀಲಿ ಕೂತೆ. ಬಾ, ಹೋಗೋಣ. ಫಾದರ್ ಹತ್ರ ನಾನೇ ಹೇಳ್ತೀನಿ. ಎರಡು ಗಂಟೆಗೇ ಪುಸ್ತಕ ಇರ್ಲಿಲ್ಲ ಅಂತ. ಅಣ್ಣ ಬಚಾವಾಗ್ತಾನೆ."

ನಕ್ಷೆಯಮ್ಮ ಎದ್ದೇಳಲಿಲ್ಲ.

ಎರಡು ಗಂಟೆಗೆ ಪುಸ್ತಕ ಇರಲಿಲ್ಲ. ನಾಲ್ಕು ಗಂಟೆಗೆ ಮೇಜು ಒರೆಸುವಾಗ ಕಣ್ಣಾರೆ ನೋಡಿದೆ ಎಂದವರು ಕೀಲಿಯಣ್ಣ. ದಾರ ಕಟ್ಟಿದ ಕನ್ನಡಕವೂ ಇಡೀ ಚರ್ಚಿನಲ್ಲಿ ಅವರೊಬ್ಬರದೇ.

"ಯಾಕೇ? ಏಳು."

"ನೀನು ಬರಬೇಡ," ಎಂದರು ನಕ್ಷೆಯಮ್ಮ.

"ಕಳ್ಳಿ ಅಂದ್ರೂ ಪರವಾಗಿಲ್ಲ. ಒಬ್ಬ ಮನುಷ್ಯನ ಮನೆ ಉಳಿಯುತ್ತೆ."

ಉಳಿಯುವುದಿಲ್ಲ, ಅಣ್ಣನ ಮಾತೇ ಸುಳ್ಳಾಗುತ್ತದೆ, ಎರಡು ಗಂಟೆಯ ಮಾತು ಎತ್ತಬೇಡ ಎಂದು ಹೇಳಬೇಕಿತ್ತು. ಆದರೆ ಮೂವತ್ತನಾಲ್ಕು ವರ್ಷ ಇದ್ದದ್ದನ್ನು ಇದ್ದ ಹಾಗೆ ಬರೆದ ಕೈ ಅವರದು. ಸೊಟ್ಟಗಿದ್ದ ಗೋಡೆಯನ್ನು ನೆಟ್ಟಗೆ ಬರೆದುಕೊಡಿ ಎಂದು ಎಷ್ಟೋ ಜನ ಬಂದು ಕೂತು ಎದ್ದುಹೋಗಿದ್ದರು. ಇವತ್ತು ತಮಗಾಗಿ ತಾವೇ ಕೇಳಿಕೊಳ್ಳುವಂತಾಗಿತ್ತು. ಗಾಜಕ್ಕ ಆಗಲೇ ಅಂಗಡಿಯ ಬಾಗಿಲು ಎಳೆಯುತ್ತಿದ್ದಳು.

ದಾರಿಯುದ್ದಕ್ಕೂ ಗಾಜಕ್ಕ ಮಾತಾಡಿದಳು.

*

ಫಾದರ್ ಕೋಣೆಯಲ್ಲಿ ಕೀಲಿ ಒಪ್ಪಿಸುವುದು ಶುರುವಾಗಿತ್ತು. ಐದೂಕಾಲು. ಕೀಲಿಯಣ್ಣ ತಮ್ಮ ಒಂದೇ ಒಂದು ಒಳ್ಳೆಯ ಅಂಗಿ ತೊಟ್ಟು, ಗೊಂಚಲಿನಿಂದ ಒಂದೊಂದೇ ಕೀಲಿ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು.

"ಇದು ದೊಡ್ಡ ಬಾಗಿಲು. ಎಡಕ್ಕೆ ತಿರುಗಿಸಿ, ಒಂದು ಸಲ ಎತ್ತಬೇಕು. ಇದು ಗಂಟೆ ಗೋಪುರ. ಇದು ಹಾಡುವವರ ಮಹಡಿ; ಚಳಿಯಲ್ಲಿ ಬಿಗಿಯಾಗುತ್ತೆ, ಬೈದ್ರೆ ತೆರೆಯುತ್ತೆ. ಇದು ಉಡುಪಿನ ಕೋಣೆ. ಇದು..." ಆ ಕೀಲಿಯನ್ನು ಕೈಯಲ್ಲೇ ಹಿಡಿದು ನಿಂತರು. "ಇದು ಮುಗಿಯದ ಗೋಪುರ."

ಫಾದರ್‌ಗೆ ಮೂವತ್ತು ದಾಟಿರಲಿಲ್ಲ. ಕೈಯಲ್ಲಿ ಪೆನ್ನು, ಎದುರಿಗೆ ಸಮಿತಿಯ ಕಾಗದ. ಅಲ್ಲಿಂದ ಎದ್ದು ಓಡಿಹೋದರೆ ಸಾಕು ಎನ್ನುವ ಮುಖ. "ಸಾಕು ತಾತ. ಒಟ್ಟಿಗೇ ಕೊಟ್ಟುಬಿಡಿ."

"ಒಟ್ಟಿಗೆ ಕೊಟ್ರೆ ನಿಮಗೆ ಯಾವುದು ಯಾವುದಕ್ಕೆ ಅಂತ ಗೊತ್ತಾಗಲ್ಲ ಫಾದರ್."

"ನಿಲ್ಸಿ!" ಎಂದು ಗಾಜಕ್ಕ ಒಳನುಗ್ಗಿದಳು. ನಕ್ಷೆಯಮ್ಮ ಅವಳ ತೋಳು ಹಿಡಿಯಲು ಚಾಚಿದ ಕೈ ಸೆರಗಿನ ತುದಿಗೆ ಮಾತ್ರ ತಾಗಿತು. "ಫಾದರ್, ಕಿಟಕಿ ಬಿಚ್ಚಿದ್ದು ನಾನು. ಸೋಮವಾರ ಮಧ್ಯಾಹ್ನ ಎರಡಕ್ಕೆ. ಆಗ್ಲೇ ಪುಸ್ತಕ ಅಲ್ಲಿರ್ಲಿಲ್ಲ. ಅಣ್ಣನದೇನೂ ತಪ್ಪಿಲ್ಲ. ಬರ್ಕೊಳ್ಳಿ, ಸಹಿ ಹಾಕ್ತೀನಿ."

ಒಂದೇ ಉಸಿರಿಗೆ ಹೇಳಿ ಮುಗಿಸಿ, ಒಳ್ಳೆಯ ಕೆಲಸ ಮಾಡಿದವಳಂತೆ ಕೀಲಿಯಣ್ಣನ ಕಡೆ ನೋಡಿದಳು.

ಫಾದರ್ ನಿಧಾನಕ್ಕೆ ಪೆನ್ನು ಇಟ್ಟರು. "ಎರಡಕ್ಕಾ? ತಾತ, ನೀವು ನಾಲ್ಕಕ್ಕೆ ನೋಡಿದೆ ಅಂದಿದ್ರಿ."

ಗಾಜಕ್ಕನ ಮುಖದಿಂದ ಆ ಹಗುರ ಒಂದೊಂದೇ ಮೆಟ್ಟಿಲಿಳಿದು ಹೋಯಿತು. ಗೆಳತಿಯ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

ನಕ್ಷೆಯಮ್ಮ ತಲೆಯಾಡಿಸಿದರು.

"ಅದಕ್ಕೇ ಬರಬೇಡ ಅಂದ್ಯಾ? ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಅವರನ್ನ ಬೈಬೇಡ ತಂಗಿ," ಎಂದರು ಕೀಲಿಯಣ್ಣ. ಆಶ್ಚರ್ಯವೆಂದರೆ ಅವರ ಧ್ವನಿಯಲ್ಲಿ ಅಂಜಿಕೆ ಇರಲಿಲ್ಲ. ಭಾರದ ಪೆಟ್ಟಿಗೆ ಕೆಳಗಿಟ್ಟವರ ದಣಿವಿತ್ತು. "ಹೌದು ಫಾದರ್. ನಾಲ್ಕಕ್ಕೆ ಪುಸ್ತಕ ಅಲ್ಲಿರ್ಲಿಲ್ಲ. ನಾನೇ ತಗೊಂಡೆ."

"ನೀವಾ! ಯಾಕೆ ತಾತ?"

"ಅದನ್ನ ಕೇಳಬೇಡಿ."

"ಕೇಳದೆ ಹೇಗಿರ್ಲಿ? ಪುಸ್ತಕ ಎಲ್ಲಿದೆ ಹೇಳಿ. ಯಾಕೆ ತಗೊಂಡ್ರಿ ಅಂತ ಹೇಳಿ. ಸಮಿತಿಯವರಿಗೆ ನಾನು ಒಪ್ಪಿಸ್ತೀನಿ, ಈ ಕಾಗದ ಹರಿದು ಹಾಕ್ತೀನಿ. ನಲವತ್ತೊಂದು ವರ್ಷದ ಮನುಷ್ಯನನ್ನ ಹೊರಗೆ ಹಾಕೋಕೆ ನಂಗೇನು ಆಸೆನಾ?"

ಕೀಲಿಯಣ್ಣ ಕೈಯಲ್ಲಿದ್ದ ಕೀಲಿಯನ್ನು ಸಾಲಿನ ಕೊನೆಗೆ ಇಟ್ಟರು. "ಈ ಬಾಗಿಲ ಹಿಂದೆ ಇಟ್ಟಿದ್ದೆ. ಹತ್ತೊಂಬತ್ತನೇ ಮೆಟ್ಟಿಲ ಕೆಳಗೆ ಒಂದು ಕಲ್ಲು ಅಲ್ಲಾಡುತ್ತೆ. ನಿನ್ನೆ ಸಂಜೆವರೆಗೂ ಇತ್ತು. ಬೆಳಿಗ್ಗೆ ತೆಗೆದು ನಿಮಗೇ ಕೊಟ್ಟುಬಿಡೋಣ ಅಂತ ಹೋದೆ." ತುಟಿ ಒದ್ದೆ ಮಾಡಿಕೊಂಡರು. "ಇಲ್ಲ."

"ಬೀಗ?" ಎಂದರು ನಕ್ಷೆಯಮ್ಮ.

"ಹಾಕಿದ ಹಾಗೇ ಇತ್ತು ನಕ್ಷೆಯಮ್ಮ. ಕಲ್ಲೂ ಇದ್ದ ಹಾಗೇ. ಪುಸ್ತಕ ಒಂದಿಲ್ಲ. ಇದೊಂದು ಹಾಳೆ ಬಿಟ್ಟು ಹೋಗಿದಾರೆ."

ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ಹೊರಬಂತು. ಹಳೆಯದು, ಚಹಾದ ಬಣ್ಣ. ನಕ್ಷೆಯಮ್ಮನ ಕಣ್ಣು ಮೊದಲು ಹೋದದ್ದು ಅಂಚಿಗೆ. ಹರಿದದ್ದಲ್ಲ. ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ ಕೊಯ್ದದ್ದು. ಇಡೀ ಪುಸ್ತಕ ಒಯ್ದವರು ಇದೊಂದು ಪುಟವನ್ನು ಜೋಪಾನವಾಗಿ ಬಿಡಿಸಿ, ಈ ಮುದುಕರ ಕೈಗೆ ಸಿಗುವ ಹಾಗೆ ಇಟ್ಟಿದ್ದಾರೆ. ಮರೆತು ಬಿಟ್ಟದ್ದಲ್ಲ ಇದು. ಯಾರಿಗೋ ಈ ಪುಟ ಹೊರಗೆ ಬರಲೇಬೇಕಿತ್ತು.

"ಯಾವ ಪುಟ ಅದು?" ಎಂದಳು ಗಾಜಕ್ಕ.

ಕೀಲಿಯಣ್ಣ ಹಾಳೆಯನ್ನು ಎದೆಗೊತ್ತಿಕೊಂಡರು.

"ನಮ್ಮಜ್ಜನ ಪುಟ ಅಲ್ವಾ? ಏನಿದೆ ಅದರಲ್ಲಿ?"

"ಒಳ್ಳೆಯದೇ ಇದೆ ತಂಗಿ," ಎಂದರು ಕೀಲಿಯಣ್ಣ, ನೆಲದ ಕಲ್ಲು ನೋಡುತ್ತ.

ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಯಾರೂ ಓದಲಾರದ ಕೈಬರಹವನ್ನು ಆ ಪೀಠದ ಮುಂದೆ ದಿನಗಟ್ಟಲೆ ಕೂತು ಬಿಡಿಸಿರಬೇಕಾದ ಆ ಮನುಷ್ಯ, ಆಮೇಲೆ ಪುಸ್ತಕವನ್ನೇ ಏಕೆ ಬಚ್ಚಿಟ್ಟರು ಎನ್ನುವುದು ನಕ್ಷೆಯಮ್ಮನಿಗೆ ಆಗ ತಿಳಿಯಿತು. ಭಾನುವಾರ ಎಂಟುನೂರು ಜನರ ಮುಂದೆ, ಅದು ಅವಳಜ್ಜನ ಕೆಲಸವಲ್ಲ ಎಂದು ಓದಿ, ಒಬ್ಬ ಒಂಟಿ ಹೆಂಗಸಿನಿಂದ ಅವಳ ಕಿಟಕಿಯನ್ನು ಕಿತ್ತುಕೊಳ್ಳುವುದು ಬೇಡ ಎಂದು. ಅದನ್ನು ಈಗ ಬಾಯಿಬಿಟ್ಟು ಹೇಳಿದರೆ ಅವರ ಕೋಣೆ ಉಳಿಯುತ್ತದೆ. ಹೇಳದಿದ್ದರೆ ಆರಕ್ಕೆ ಬೀದಿ.

"ತಾತ, ಆ ಹಾಳೆ ನಂಗೆ ಕೊಡಿ," ಎಂದರು ಫಾದರ್. "ಅದೇ ಸಾಕು. ಕಾರಣ ಅದರಲ್ಲೇ ಇದ್ರೆ, ಅದನ್ನೇ ಸಮಿತಿಗೆ ತೋರಿಸ್ತೀನಿ."

ಕೀಲಿಯಣ್ಣ ಹಾಳೆಯನ್ನು ಜೇಬಿಗೆ ವಾಪಸ್ ಇಡಲು ಹೋದರು. ಗಾಜಕ್ಕ ಅಷ್ಟರಲ್ಲಿ ಎದುರಿಗೆ ಬಂದು ನಿಂತಿದ್ದಳು.

"ಒಳ್ಳೆಯದೇ ಇದೆ ಅಂದ್ಯಲ್ಲ ಅಣ್ಣ," ಎಂದಳು. ಧ್ವನಿ ತೀರಾ ಮೆಲ್ಲಗಿತ್ತು. "ಹಾಗಾದ್ರೆ ಕೊಡು. ಓದ್ತೀನಿ."

ಅವಳ ಬೆರಳು ಹಾಳೆಯ ಒಂದು ತುದಿ ಹಿಡಿಯಿತು. ಕೀಲಿಯಣ್ಣ ಇನ್ನೊಂದು ತುದಿ ಬಿಡಲಿಲ್ಲ. ನೂರು ವರ್ಷದ ಕಾಗದ, ಇಬ್ಬರ ನಡುವೆ, ಮಡಿಕೆಯ ಗೆರೆಯಲ್ಲಿ ಚರಕ್ಕೆಂದು ಬಿರಿಯತೊಡಗಿತು.